ಅಪ್ಪನ ಸ್ಪೀಕರಿನ ವೂಫರಿಗೆ ನಾನೇ ಫೋಮ್ ಕಟ್ಟಿದ್ದು

"ಡಗ್ಗಾ ಕೇಳಸವಲ್ದಪಾ," ಅಂದರು ಅಪ್ಪ. ಎರಡು ವರ್ಷದ ಹಿಂದಿನ ಮಳೆಗಾಲ. ಧಾರವಾಡದ ಮನೆಯಲ್ಲಿ ಮಲ್ಲಿಕಾರ್ಜುನ ಮನ್ಸೂರರ ಹಳೆಯ ಕ್ಯಾಸೆಟ್ ಹಾಡುತ್ತಿತ್ತು. ದನಿ ಕೇಳುತ್ತಿತ್ತು, ತಬಲಾದ ಚಾಟಿ ಕೇಳುತ್ತಿತ್ತು. ತಬಲಾ ಜೋಡಿಯ ಎಡಗಡೆಯ ದಪ್ಪ ದನಿಯ ಡಗ್ಗಾ ಮಾತ್ರ ಇರಲಿಲ್ಲ. ಅದರ ಜಾಗದಲ್ಲಿ ಒಣಗಿದ ಎಲೆ ಅಲುಗಿದ ಹಾಗೆ ಒಂದು ಪರಪರ ಸದ್ದು.

ಈ ಜೋಡಿ ಸ್ಪೀಕರನ್ನು ಕಾಕಾ 1984ರಲ್ಲಿ ಕುವೈತ್‌ನಿಂದ ತಂದಿದ್ದರು. ಅಮೆರಿಕದ ಒಂದು ಕಂಪನಿಯವು. ಒಂದೊಂದರಲ್ಲೂ ದಪ್ಪ ದನಿಗೆ 8 ಇಂಚಿನ ವೂಫರ್, ಮೇಲೆ ಚೂಪು ದನಿಗೆ ಒಂದು ಟ್ವೀಟರ್, ಸುತ್ತ ವಾಲ್‌ನಟ್ ಬಣ್ಣದ ಮರದ ಪೆಟ್ಟಿಗೆ. ನಾನು ಆಗ ಎರಡನೇ ಇಯತ್ತೆ. ನಮ್ಮ ಮನೆಯಲ್ಲಿ ಹಾಡು ಅಂದರೆ ಈ ಪೆಟ್ಟಿಗೆಗಳ ಸದ್ದೇ. ಸಂಗೀತವನ್ನು ನಾನು ಕಿವಿ ತುಂಬಿಸಿಕೊಂಡದ್ದು ಇವುಗಳಿಂದ.

ಮುಂದಿನ ಬಟ್ಟೆಯ ಜಾಳಿಗೆ ತೆಗೆದೆ. ವೂಫರಿನಲ್ಲಿ ಅಲುಗಿ ಸದ್ದು ಮಾಡುವ ಕಾಗದದ ಕೋನಿನ ಸುತ್ತ ಇರಬೇಕಾದ ಕಪ್ಪು ಫೋಮಿನ ಅಂಚು ಅರ್ಧಕ್ಕರ್ಧ ಇರಲಿಲ್ಲ. ಉಳಿದದ್ದನ್ನು ಬೆರಳಿಂದ ಮುಟ್ಟಿದೆ. ಎಳ್ಳಿನ ಹಿಂಡಿಯ ಹಾಗೆ ಪುಡಿಯಾಗಿ ಬಂತು, ಆದರೆ ಅಂಟು. ಸೋಪು ಹಾಕಿ ತೊಳೆದರೂ ಬೆರಳಿನ ಗೆರೆಗಳಲ್ಲಿ ಕರಿ ಉಳಿಯಿತು. ಇನ್ನೊಂದು ಸ್ಪೀಕರಿನದೂ ಅದೇ ಕತೆ.

ಇದು ಯಾವುದೋ ಒಂದು ಕಂಪನಿಯ ತಪ್ಪಲ್ಲ. ಆ ಕಾಲದ ಪಾಲಿಯುರಿಥೇನ್ ಫೋಮಿನ ಗುಣವೇ ಹಾಗೆ. ಗಾಳಿಯಲ್ಲಿನ ತೇವ ಅದರ ಕೊಂಡಿಗಳನ್ನು ನಿಧಾನವಾಗಿ ಬಿಡಿಸುತ್ತದೆ. 15-20 ವರ್ಷಕ್ಕೆ ಅದು ಉದುರಲು ಶುರುವಾಗುತ್ತದೆ. ಸ್ಪೀಕರ್ ಹಾಡಿದರೂ ಅಷ್ಟೇ, ಅಟ್ಟದ ಮೇಲೆ ಸುಮ್ನೆ ಇಟ್ಟರೂ ಅಷ್ಟೇ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೇ ಬೂಸ್ಟು ಬರುತ್ತದೆ, ಫೋಮಿನ ಪಾಡು ಹೇಳಬೇಕೇ?

ಮೊದಲು ಹುಬ್ಬಳ್ಳಿಯ ಒಂದು ರಿಪೇರಿ ಅಂಗಡಿಗೆ ಒಯ್ದೆ. "ಕೋನ್, ಕಾಯಿಲ್ ಎರಡೂ ಕಿತ್ತು ಹೊಸಾದು ಹಾಕಿ ಕೊಡ್ತೀನ್ರೀ, ಸಂಜೀಗೆ ಬರ್ರಿ," ಅಂದರು. ದರ ಜಾಸ್ತಿ ಏನಿರಲಿಲ್ಲ. ಆದರೆ ನನಗೆ ಕೈ ಬರಲಿಲ್ಲ. ಮಲ್ಟಿಮೀಟರ್ ಇಟ್ಟು ನೋಡಿದಾಗ ಎರಡೂ ಕಾಯಿಲ್, ಅಂದರೆ ಕೋನನ್ನು ಅಲುಗಿಸುವ ತಂತಿಯ ಸುರುಳಿಗಳು, ಸರಿ ಇದ್ದವು. 8 ಓಮ್‌ನ ಸ್ಪೀಕರ್ ಮೀಟರಿನಲ್ಲಿ 5.5ರಿಂದ 7ರ ಒಳಗೆ ತೋರಿಸಬೇಕು. ನನ್ನವು 5.8 ಮತ್ತು 6.0. ಕೋನಿನ ಕಾಗದ ಗಟ್ಟಿಮುಟ್ಟಾಗಿತ್ತು. ಹೋದದ್ದು ಸುತ್ತಲಿನ ಅಂಚು ಒಂದೇ. ಅಂಚು ಹರಿದ ಸೀರೆಗೆ ಫಾಲ್ ಹಚ್ಚುತ್ತೇವೆ, ಸೀರೆ ಬಿಸಾಡುವುದಿಲ್ಲ ಅಲ್ವಾ? ಸ್ಪೀಕರಿನ ದನಿ ಇರುವುದು ಅದರ ಕೋನಿನ ತೂಕದಲ್ಲಿ, ಕಾಯಿಲಿನ ಸುತ್ತಿನಲ್ಲಿ. ಅವನ್ನು ಬದಲಿಸಿದರೆ ಪೆಟ್ಟಿಗೆ ಹಳೆಯದು ಉಳಿಯುತ್ತದೆ, ದನಿ ಬೇರೆಯವರದ್ದಾಗುತ್ತದೆ. ವಾಪಸ್ ತಂದೆ.

ಫೋಮ್ ಬೇಡ, ರಬ್ಬರ್ ಹಾಕು, ಜನ್ಮಕ್ಕೂ ಹೋಗುವುದಿಲ್ಲ ಎಂದು ಗೆಳೆಯರು ಹೇಳಿದರು. ನಾನು ಒಪ್ಪಲಿಲ್ಲ. ಕಾರಣ ಈ ಪೆಟ್ಟಿಗೆ ಕೆಲಸ ಮಾಡುವ ರೀತಿ. ಆಯಸ್ಕಾಂತದ ಸಂದಿಯಲ್ಲಿ ತಂತಿಯ ಸುರುಳಿ, ಅದಕ್ಕೆ ಅಂಟಿದ ಕಾಗದದ ಕೋನ್: ಈ ವಿನ್ಯಾಸವನ್ನು ಜನರಲ್ ಎಲೆಕ್ಟ್ರಿಕ್‌ನ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ಬರೆದು ಪ್ರಕಟಿಸಿದರು. ಇವತ್ತಿಗೂ ಮೂಲ ಅದೇ. ಆಮೇಲೆ 1954ರಲ್ಲಿ ಎಡ್ಗರ್ ವಿಲ್ಚರ್ ಮತ್ತು ಹೆನ್ರಿ ಕ್ಲಾಸ್ ಅಮೆರಿಕದ ಕೇಂಬ್ರಿಜ್‌ನಲ್ಲಿ ಅಕೌಸ್ಟಿಕ್ ರಿಸರ್ಚ್ ಕಂಪನಿ ಕಟ್ಟಿದರು. ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿದರೆ ಒಳಗಿನ ಗಾಳಿಯೇ ಸ್ಪ್ರಿಂಗಿನ ಹಾಗೆ ಕೋನನ್ನು ಹಿಡಿದಿಡುತ್ತದೆ ಎಂಬುದು ವಿಲ್ಚರ್ ಕಂಡುಕೊಂಡ ದಾರಿ. ಹಾಗಾದಾಗ ಕೋನಿನ ಅಂಚು ಬಿಗಿಯಾಗಿರಬಾರದು, ಮೆತ್ತಗಿರಬೇಕು. ಸಣ್ಣ ಪೆಟ್ಟಿಗೆಯಿಂದ ದೊಡ್ಡ ಡಗ್ಗಾ ಬರುವುದು ಈ ಮೆತ್ತನೆಯಿಂದಲೇ. ನಮ್ಮ ಮನೆಯ ಜೋಡಿಯೂ ಇದೇ ಜಾತಿ. ರಬ್ಬರಿಗೆ ತೂಕ ಜಾಸ್ತಿ. ಹಾಕಿದರೆ ಕೋನಿನ ನಡಿಗೆಯೇ ಬದಲಾಗುತ್ತದೆ. 15 ವರ್ಷಕ್ಕೆ ಮತ್ತೆ ಕಟ್ಟಬೇಕಾದರೂ ಚಿಂತೆಯಿಲ್ಲ, ಫೋಮೇ ಇರಲಿ ಎಂದು ತೀರ್ಮಾನಿಸಿದೆ.

ಆನ್‌ಲೈನ್‌ನಲ್ಲಿ "8 ಇಂಚು" ಎಂದು ಹುಡುಕಿ ತರಿಸಬೇಡಿ. 8 ಇಂಚಿನ ವೂಫರುಗಳಲ್ಲೇ ನೂರು ಬಗೆ. ನಾನು ಸ್ಕೇಲ್ ಇಟ್ಟು ಅಳೆದೆ. ಕೋನಿನ ಅಗಲ 155 ಮಿ.ಮೀ., ಫ್ರೇಮಿನಲ್ಲಿ ಫೋಮ್ ಕೂರುವ ಜಾಗದ ಹೊರ ಅಳತೆ 194. ನಡುವಿನ ಉಬ್ಬು ಎಷ್ಟು ಅಗಲ ಎಂದೂ ಬರೆದುಕೊಂಡೆ. ಹಳೆಯ ಫೋಮ್ ಕೋನಿನ ಮುಂದೆ ಅಂಟಿತ್ತೋ ಹಿಂದೆಯೋ ಅನ್ನುವುದನ್ನು ಕೆರೆಯುವ ಮೊದಲೇ ನೋಡಿ ಫೋಟೋ ತೆಗೆದಿಡಿ. ನನ್ನದು ಹಿಂದೆ ಅಂಟಿತ್ತು.

ಇನ್ನು ಕೆರೆಯುವ ಕೆಲಸ. ಹತ್ತರಲ್ಲಿ ಏಳು ಪಾಲು ಶ್ರಮ ಇದಕ್ಕೇ. ಒಂದು ವೂಫರಿಗೆ ಎರಡು ಸಂಜೆ ಹಿಡಿಯಿತು. ಮೊಬೈಲ್ ರಿಪೇರಿಯವರು ಐಪಿಎ ಅನ್ನುತ್ತಾರಲ್ಲ, ಆ ಆಲ್ಕೋಹಾಲನ್ನು ಕಿವಿಗೆ ಹಾಕುವ ಹತ್ತಿಕಡ್ಡಿಯಲ್ಲಿ ಅದ್ದಿ, ಹಳೆಯ ಅಂಟಿನ ಮೇಲೆ ಒರೆಸಿ ಎರಡು ನಿಮಿಷ ಬಿಟ್ಟೆ. ಅಂಟು ಮೆತ್ತಗಾಗಿ ಏಳುತ್ತದೆ. ಆಮೇಲೆ ಐಸ್‌ಕ್ರೀಮ್ ಕಡ್ಡಿಯ ತುದಿಯನ್ನು ಓರೆಯಾಗಿ ಉಜ್ಜಿ ಮಾಡಿಕೊಂಡ ಚೂಪಿನಿಂದ ಮೆಲ್ಲಗೆ ತಳ್ಳುವುದು. ಬ್ಲೇಡ್ ಬೇಡ. ಆಲ್ಕೋಹಾಲ್ ಕುಡಿದ ಕಾಗದ ನೆಂದ ಹಪ್ಪಳದ ಹಾಗೆ, ಸ್ವಲ್ಪ ಜೋರಾದರೂ ಎದ್ದು ಬರುತ್ತದೆ. ಒಂದು ಬೊಟ್ಟಿನಷ್ಟು ಜಾಗ, ಒಣಗಲು ಬಿಡು, ಮುಂದಿನ ಬೊಟ್ಟು. ನಡುವಿನ ಕಾಯಿಲಿನ ಕಡೆ ಒಂದು ಹನಿಯೂ ಹರಿಯಬಾರದು, ಅಲ್ಲಿನ ಅಂಟೂ ಬಿಟ್ಟೀತು. ಫ್ರೇಮಿನ ಮೇಲಿದ್ದ ರಟ್ಟಿನ ಬಳೆಯನ್ನು ಹರಿಯದಂತೆ ಬಿಡಿಸಿ ತೆಗೆದಿಟ್ಟೆ. ಅದನ್ನೇ ಮತ್ತೆ ಹಾಕಬೇಕು.

ಇಲ್ಲೇ ಒಂದು ಅನಾಹುತವಾಯಿತು. ಮೇಜಿನ ಮೇಲೆ ಸಣ್ಣ ಕತ್ತರಿ ಇತ್ತು. ವೂಫರನ್ನು ತಿರುಗಿಸಿ ಇಡುವಾಗ ಆಯಸ್ಕಾಂತ ಅದನ್ನು ಗಬಕ್ಕನೆ ಸೆಳೆಯಿತು. ಫ್ರೇಮಿನ ಕಿಂಡಿಯೊಳಗಿಂದ ನುಗ್ಗಿದ ಕತ್ತರಿಯ ಮೊನೆ ಕೋನಿಗೆ ತಾಗಿ 1 ಸೆಂ.ಮೀ. ಸೀಳು ಬಿತ್ತು. ಎದೆ ಝಲ್ಲೆಂದಿತು. ಚಹಾ ಬ್ಯಾಗಿನ ಕಾಗದವನ್ನು ಖಾಲಿ ಮಾಡಿ, ಉಗುರಿನಷ್ಟು ಹರಿದು, ನೀರು ಬೆರೆಸಿದ ಬಿಳಿ ಫೆವಿಕಾಲಿನಲ್ಲಿ ಅದ್ದಿ ಹಿಂದಿನಿಂದ ತೇಪೆ ಹಾಕಿದೆ. ಆ ಕಾಗದ ತೆಳ್ಳಗಿದ್ದರೂ ಅದರ ಎಳೆಗಳು ಉದ್ದ, ಹಿಡಿತ ಚೆನ್ನಾಗಿದೆ. ಕತ್ತರಿಸಬೇಡಿ, ಕೈಯಿಂದಲೇ ಹರಿಯಿರಿ. ಹರಿದ ಅಂಚು ಕೋನಿನ ಜೊತೆ ಬೆರೆತು ಹೋಗುತ್ತದೆ. ಆವತ್ತಿನಿಂದ ಕೆಲಸದ ಮೇಜಿನ ಮೇಲೆ ಕಬ್ಬಿಣದ ವಸ್ತು ಒಂದೂ ಇಡುವುದಿಲ್ಲ.

ಅಂಟಿಸಲು ಅದೇ ಬಿಳಿ ಫೆವಿಕಾಲ್. ಕಾಗದದ ಕೋನಿಗೂ ಫೋಮಿಗೂ ಇದು ಒಗ್ಗುತ್ತದೆ, ನಿಧಾನ ಒಣಗುತ್ತದೆ, ಸರಿಪಡಿಸಿಕೊಳ್ಳಲು ಹೊತ್ತು ಕೊಡುತ್ತದೆ. ಫೆವಿಕ್ವಿಕ್ ಬಗೆಯ ಅಂಟು ಕ್ಷಣದಲ್ಲಿ ಕಲ್ಲಾಗುತ್ತದೆ. ಒಂದು ಕೂದಲೆಳೆ ತಪ್ಪಿದರೂ ಮುಗಿಯಿತು. ಮೊದಲ ದಿನ ಫೋಮನ್ನು ಕೋನಿಗಷ್ಟೇ ಅಂಟಿಸಿ ರಾತ್ರಿಯಿಡೀ ಬಿಟ್ಟೆ. ಮಾರನೇ ದಿನ ಹೊರಗಿನ ಅಂಚನ್ನು ಫ್ರೇಮಿಗೆ.

ಈ ಎರಡನೇ ಅಂಟಿನಲ್ಲಿಯೇ ಎಲ್ಲ ಇರುವುದು. ಕಾಯಿಲ್ ಆಯಸ್ಕಾಂತದ ಸಂದಿಯಲ್ಲಿ ಯಾವ ಗೋಡೆಗೂ ತಾಗದೆ ನಡುಮಧ್ಯ ಓಡಾಡಬೇಕು. ಆ ಸಂದಿ ಮಿಲಿಮೀಟರಿಗಿಂತ ಬಹಳ ಕಡಿಮೆ. ಮೊದಲನೇ ವೂಫರಿನಲ್ಲಿ ನಾನು ಕಣ್ಣಳತೆಯಲ್ಲೇ ನಡುವಿಗೆ ಕೂರಿಸಿದೆ. ಅರ್ಧ ಗಂಟೆ ಬಿಟ್ಟು ಎರಡು ಹೆಬ್ಬೆರಳಿನಿಂದ ಸಮನಾಗಿ ಒತ್ತಿ ನೋಡಿದರೆ ಒಂದು ಕಡೆ ಸರ್‌ ಎಂದು ಉಜ್ಜುವ ಸದ್ದು. ಮರಳು ಕಾಗದ ತಿಕ್ಕಿದ ಹಾಗೆ. ಅಂಟು ಇನ್ನೂ ಗಟ್ಟಿಯಾಗಿರಲಿಲ್ಲ. ಒದ್ದೆ ಬಟ್ಟೆಯಿಂದ ಒರೆಸುತ್ತ ಸುತ್ತಲೂ ಬಿಡಿಸಿದೆ. ಬೇರೆ ಅಂಟಾಗಿದ್ದರೆ ಹೊಸ ಫೋಮ್ ಕಸದ ಪಾಲು.

ಆಮೇಲೆ ಸರಿಯಾದ ದಾರಿಗೆ ಬಂದೆ. ಕೋನಿನ ನಡುವಿನ ಡಸ್ಟ್ ಕ್ಯಾಪನ್ನು ಅಂಟಿನ ಗೆರೆಯಲ್ಲೇ ಬಿಡಿಸಿ ಎತ್ತಿದೆ. ಕಾಯಿಲಿನ ಕೊಳವೆ, ಅದರೊಳಗೆ ಉಕ್ಕಿನ ಕಂಬ ಕಾಣುತ್ತದೆ. ಸಂದಿಯಲ್ಲಿ ಸೇರಿದ್ದ ಕಬ್ಬಿಣದ ಪುಡಿಯನ್ನು ಟೇಪಿನ ಅಂಟಿನ ಕಡೆಯಿಂದ ಒತ್ತಿ ಒತ್ತಿ ತೆಗೆದೆ. ಅಪ್ಪನ ಹಳೆಯ ಎಕ್ಸ್‌ರೇ ಫಿಲ್ಮ್ ಇತ್ತು, ಮೊಣಕಾಲಿನದು. ಅದನ್ನು ಬೆರಳಿನ ಅರ್ಧ ಅಗಲದ ನಾಲ್ಕು ಪಟ್ಟಿ ಮಾಡಿ, ಗಡಿಯಾರದ 12, 3, 6, 9ರ ಜಾಗದಲ್ಲಿ ಕಂಬಕ್ಕೂ ಕೊಳವೆಗೂ ನಡುವೆ ಇಳಿಸಿದೆ. ಪಟ್ಟಿ ಬಿಗಿಯಾಗಿ ಇಳಿಯಬೇಕು, ತುರುಕುವಷ್ಟು ಬಿಗಿ ಇರಬಾರದು. ಈಗ ಕಾಯಿಲ್ ತಾನಾಗಿಯೇ ನಡುವಿಗೆ ನಿಂತಿತು. ಆಗ ಫೋಮನ್ನು ಫ್ರೇಮಿಗೆ ಅಂಟಿಸಿ, ಸುತ್ತಲೂ ಬಟ್ಟೆ ಒಣಹಾಕುವ ಕ್ಲಿಪ್ಪು ಹಾಕಿದೆ. ಪ್ಲಾಸ್ಟಿಕ್ಕಿನ ಕ್ಲಿಪ್ಪು 12, ಅದೂ ಎದುರುಬದುರಾಗಿ ಒಂದೊಂದೇ. 24 ಗಂಟೆ ಬಿಟ್ಟು ಪಟ್ಟಿ ಎಳೆದೆ. ಒತ್ತಿದರೆ ಏನೂ ಸದ್ದಿಲ್ಲ. ಗಾಳಿ ನುಂಗಿದ ಹಾಗೆ ಒಳಗೆ ಹೋಗಿ ಹೊರಗೆ ಬಂತು.

ಕ್ಯಾಪ್ ಅಂಟಿಸುವ ಮೊದಲು ತಂಬೂರಿಯ ಪರೀಕ್ಷೆ ಮಾಡಿ ಎಂದು ಯಾರಿಗಾದರೂ ಹೇಳುತ್ತೇನೆ. ಫೋನಿನಲ್ಲಿ ತಂಬೂರಿ ಆಪ್ ಇದ್ದೇ ಇರುತ್ತದೆ. ಕರಿ ಒಂದರ (ಹಾರ್ಮೋನಿಯಂನ ಮೊದಲ ಕಪ್ಪು ಮನೆ) ಶ್ರುತಿ ಇಟ್ಟರೆ ಖರಜದ, ಅಂದರೆ ಎಲ್ಲಕ್ಕಿಂತ ಕೆಳಗಿನ ಷಡ್ಜದ, ತಂತಿ ಸುಮಾರು 69 ಹರ್ಟ್ಸ್. ಅದು ಎಡೆಬಿಡದೆ ಮೊಳಗುವಾಗ ಕಾಯಿಲ್ ಎಲ್ಲಾದರೂ ತಾಗಿದರೆ ತಂಬೂರಿಯ ಸಹಜ ಝೇಂಕಾರದ, ಅಂದರೆ ಜವಾರಿಯ, ಮೇಲೆ ಇನ್ನೊಂದು ಕರಕರ ಸೇರಿ ಕೇಳುತ್ತದೆ. ಹಾಡಿನಲ್ಲಿ ಇದು ಮುಚ್ಚಿ ಹೋಗುತ್ತದೆ, ತಂಬೂರಿಯಲ್ಲಿ ಮುಚ್ಚುವುದಿಲ್ಲ. ಚಹಾ ಬ್ಯಾಗಿನ ತೇಪೆಯ ವೂಫರಿಗೆ ಕಿವಿ ಇಟ್ಟು ಹತ್ತು ನಿಮಿಷ ಕೂತೆ. ಶುದ್ಧವಾಗಿತ್ತು.

ಕ್ರಾಸ್‌ಓವರಿನ (ದನಿಯನ್ನು ವೂಫರಿಗೂ ಟ್ವೀಟರಿಗೂ ಹಂಚುವ ಸರ್ಕೀಟು) ಕೆಲಸ ಸಣ್ಣದು. 4 ಮೈಕ್ರೋಫ್ಯಾರಡ್ ಎಂದು ಬರೆದ ಕೆಪಾಸಿಟರ್ 5.2 ತೋರಿಸಿತು. ಬೆಂಗಳೂರಿನ ಎಸ್.ಪಿ. ರೋಡಿನಿಂದ ಹೊಸ ನಾನ್-ಪೋಲಾರ್ ತರಿಸಿ ಬೆಸುಗೆ ಹಾಕಿದೆ. ಒಮ್ಮೆ ದುಬಾರಿಯ ಫಿಲ್ಮ್ ಕೆಪಾಸಿಟರ್ ಹಾಕಿಯೂ ನೋಡಿದೆ. ನನ್ನ ಕಿವಿಗೆ ಟ್ವೀಟರ್ ಮುಂದೆ ಬಂದು ನಿಂತಂತಾಯಿತು, ಅಪ್ಪನಿಗೂ ಸೇರಲಿಲ್ಲ. ತೆಗೆದುಬಿಟ್ಟೆ.

ವೂಫರನ್ನು ಪೆಟ್ಟಿಗೆಗೆ ಕೂರಿಸುವಾಗ ತಲೆಕೆಳಗು ಮಾಡಿದೆ. 40 ವರ್ಷ ಒಂದೇ ಮಗ್ಗುಲಲ್ಲಿ ನಿಂತು ಕೋನಿನ ಭಾರ ಒಳಗೆ ಕಾಯಿಲನ್ನು ಹಿಡಿದಿಡುವ ಸುಕ್ಕು ಬಟ್ಟೆಯ ಸ್ಪೈಡರನ್ನು ಕೆಳಗೆ ಜಗ್ಗಿರುತ್ತದೆ. ತಿರುಗಿಸಿದರೆ ಆ ಜಗ್ಗು ಮುಂದಿನ ವರ್ಷಗಳಲ್ಲಿ ಸಮವಾಗುತ್ತದೆ. ಸುತ್ತ ಫೋಮ್ ಟೇಪು ಹಚ್ಚಿ ಬಿಗಿ ಮಾಡಿದೆ, ಗಾಳಿ ಸೋರಬಾರದು. ಕೋನನ್ನು ಮೆಲ್ಲಗೆ ಒಳಗೆ ಒತ್ತಿ ಬಿಟ್ಟರೆ ಅದು ಥಟ್ಟನೆ ಜಿಗಿಯದೆ ನಿಧಾನ ವಾಪಸ್ ಬರಬೇಕು. ಬಂತು. ವೈರಿನ ಕೆಂಪು-ಕಪ್ಪು ಗೊತ್ತಾಗದಿದ್ದರೆ 1.5 ವೋಲ್ಟಿನ ಸೆಲ್ ಸಾಕು. ಪ್ಲಸ್‌ಗೆ ಪ್ಲಸ್ ಮುಟ್ಟಿಸಿದಾಗ ಎರಡೂ ವೂಫರ್ ಹೊರಗೆ ಬರಬೇಕು. ಒಂದು ಉಲ್ಟಾ ಆದರೂ ಡಗ್ಗಾ ಕರಗಿ ಹೋಗುತ್ತದೆ.

ಅಪ್ಪ ಅದೇ ಕ್ಯಾಸೆಟ್ ಹಾಕಿದರು. ತಬಲಾದವರು ಮೊದಲ ಮುಖಡಾ ಹೊಡೆದು ತಾಳದ ಮೊದಲ ಪೆಟ್ಟಾದ ಸಮಕ್ಕೆ ಬಂದಾಗ ಡಗ್ಗಾ ನೆಲದ ಮೇಲೆ ಕೂತಿತು. ಕುರ್ಚಿಯ ಕೈ ಹಿಡಿಕೆಯಲ್ಲಿ ಅದರ ಕಂಪನ ಸಿಗುತ್ತಿತ್ತು. ಅಪ್ಪ ಏನೂ ಅನ್ನಲಿಲ್ಲ. ತೊಡೆಯ ಮೇಲೆ ತಾಳ ಹಾಕುತ್ತ ಕ್ಯಾಸೆಟಿನ ಎರಡೂ ಬದಿ ಕೇಳಿದರು.

ಪೆಟ್ಟಿಗೆ ಮುಚ್ಚುವ ಮೊದಲು ಎರಡೂ ಆಯಸ್ಕಾಂತಗಳ ಬೆನ್ನಿಗೆ ಒಂದೊಂದು ಚೀಟಿ ಅಂಟಿಸಿದ್ದೆ. ಅದರಲ್ಲಿ ಫೋಮ್ ಕಟ್ಟಿದ ತಾರೀಖು, 155 ಮತ್ತು 194 ಎಂಬ ಅಳತೆ, ಮತ್ತೆ ಒಂದು ಸಾಲು: "ಬಿಳಿ ಫೆವಿಕಾಲ್ ಹಚ್ಚಿದೆ, ಒದ್ದೆ ಬಟ್ಟೆ ಸಾಕು, ಕೆರೆಯಬೇಡಿ."