ಬಾರಿಯೋ ಕಾಡಿನಲ್ಲಿ 11 ದಿನ

ಮಲೇಷ್ಯಾದ ಮಿರಿ ವಿಮಾನ ನಿಲ್ದಾಣದಲ್ಲಿ ಮೊದಲು ನನ್ನ ಚೀಲ ತೂಗಿದರು. ಆಮೇಲೆ ನನ್ನನ್ನೂ ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಬಾರಿಯೋಗೆ ಹಾರುವುದು 19 ಸೀಟಿನ ಪುಟ್ಟ ಟ್ವಿನ್ ಆಟರ್ ವಿಮಾನ. ಅದರಲ್ಲಿ ಒಂದೊಂದು ಕಿಲೋಗೂ ಲೆಕ್ಕ. ನನ್ನ ಚೀಲ 14 ಕಿಲೋ ಇತ್ತು. ಅಲ್ಲೇ ನೆಲದ ಮೇಲೆ ಬಿಚ್ಚಿ ಜೀನ್ಸು, ದಪ್ಪ ಟವೆಲ್ಲು, ಎರಡನೇ ಜೊತೆ ಶೂ ಎಲ್ಲ ಹೊರಗೆ ತೆಗೆದೆ. ಉಳಿದುಕೊಂಡಿದ್ದ ಲಾಡ್ಜಿನ ಹುಡುಗ ಬಂದು ಅವನ್ನು ವಾಪಸ್ ಒಯ್ದ. ಚೀಲ 9 ಕಿಲೋಗೆ ಇಳಿಯಿತು. ಬಿಟ್ಟುಹೋದ ಒಂದು ಸಾಮಾನೂ ಮುಂದಿನ 11 ದಿನ ನನಗೆ ನೆನಪಾಗಲಿಲ್ಲ.

ಬಾರಿಯೋ ಇರುವುದು ಬೋರ್ನಿಯೋ ದ್ವೀಪದ ಮಲೇಷ್ಯಾ ಭಾಗದಲ್ಲಿ, ಸರವಾಕ್ ರಾಜ್ಯದ ಒಳಗೆ, ಇಂಡೋನೇಷ್ಯಾ ಗಡಿಯ ಹತ್ತಿರ. ಸಮುದ್ರ ಮಟ್ಟದಿಂದ ಸಾವಿರ ಮೀಟರಿಗಿಂತ ಎತ್ತರದ ಬಯಲು, ಸುತ್ತ ಬೆಟ್ಟ. ಇದು ಕೆಲಬಿಟ್ ಜನರ ನೆಲ. ಮರ ಸಾಗಿಸುವ ಕಂಪನಿಗಳ ರಸ್ತೆ ಬರುವ ತನಕ ಇಲ್ಲಿಗೆ ವಿಮಾನದಲ್ಲಿ ಬರಬೇಕಿತ್ತು, ಇಲ್ಲವೇ ದಿನಗಟ್ಟಲೆ ನಡೆಯಬೇಕಿತ್ತು. ಕಿಟಕಿಯಿಂದ ನೋಡಿದರೆ ಮೊದಲು ತಾಳೆಎಣ್ಣೆ ತೋಟಗಳ ಸಾಲು, ಆಮೇಲೆ ಕೆಂಪು ಗೀರುಗಳ ಹಾಗೆ ಮಣ್ಣಿನ ರಸ್ತೆಗಳು, ಕೊನೆಗೆ ಗೀರಿಲ್ಲದ ಕಾಡು. ಆ ಕೊನೆಯ ತುಂಡು ನಾನು ಅಂದುಕೊಂಡಿದ್ದಕ್ಕಿಂತ ಚಿಕ್ಕದು. ಅದನ್ನು ಕಣ್ಣಾರೆ ನೋಡಿ ಸಂಕಟವಾಯಿತು.

ನಾನು ಹೊರಟಿದ್ದು ಕಾಡು ನೋಡಲು. ಮನೆಗಳು ರಾತ್ರಿ ತಂಗಲು ಮಾತ್ರ ಅಂದುಕೊಂಡಿದ್ದೆ. ಈ ಲೆಕ್ಕ ತಪ್ಪು ಅಂತ ಎರಡೇ ದಿನದಲ್ಲಿ ಗೊತ್ತಾಯಿತು. ಅಲ್ಲಿ ಕಾಡಿಗೂ ಮನೆಗೂ ನಡುವೆ ಬೇಲಿ ಇಲ್ಲ. ಊಟದ ಸೊಪ್ಪು, ಒಲೆಯ ಸೌದೆ, ಅನ್ನ ಕಟ್ಟುವ ಎಲೆ, ಉಪ್ಪು ಕೂಡ ಅದೇ ಕಾಡಿನದು. ನಾವು ಕಾಡಿಗೆ ಕಾಲಿಟ್ಟರೆ ಇನ್ನೊಬ್ಬರ ಉಗ್ರಾಣಕ್ಕೆ ಕಾಲಿಟ್ಟ ಹಾಗೆ. ಇದು ತಲೆಗೆ ಹೋದ ಮೇಲೆ ನನ್ನ ನಡಿಗೆಯೇ ಬದಲಾಯಿತು.

ಮೊದಲ ಎರಡು ರಾತ್ರಿ ಬಾರಿಯೋದ ಲಾಂಗ್‌ಹೌಸ್‌ನಲ್ಲಿ. ಒಂದೇ ಉದ್ದನೆಯ ಮರದ ಕಟ್ಟಡ, ಕಂಬಗಳ ಮೇಲೆ ನಿಂತದ್ದು. ಒಂದು ಬದಿಗೆ ಉದ್ದಕ್ಕೂ ಅಡುಗೆ ಪಡಸಾಲೆ, ಅಲ್ಲಿ ಒಂದೊಂದು ಕುಟುಂಬಕ್ಕೆ ಒಂದೊಂದು ಒಲೆ. ನಡುವೆ ಮಲಗುವ ಕೋಣೆಗಳು. ಇನ್ನೊಂದು ಬದಿಗೆ ಎಲ್ಲರೂ ಸೇರುವ ದೊಡ್ಡ ಹಜಾರ, ಅದರ ಗೋಡೆಯ ತುಂಬ ಹಿರಿಯರ ಫೋಟೋಗಳು. ಒಲೆಗಳ ನಡುವೆ ಗೋಡೆ ಇಲ್ಲ. ಒಬ್ಬರ ಮನೆಯಲ್ಲಿ ಏನು ಬೇಯುತ್ತಿದೆ ಅಂತ ಎಲ್ಲರಿಗೂ ಗೊತ್ತು. ಸರವಾಕಿನಲ್ಲಿ ಹಿರಿಯರನ್ನು ಸಲೀಸಾಗಿ ಅಂಕಲ್, ಆಂಟಿ ಅನ್ನುತ್ತಾರೆ. ನನ್ನನ್ನು ಇಟ್ಟುಕೊಂಡ ಆಂಟಿಗೆ ಅರವತ್ತು ದಾಟಿತ್ತು.

ಮೊದಲ ದಿನ ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಸುಸ್ತಾಗಿತ್ತು, ಹೋದವನೇ ಕೋಣೆ ಸೇರಿ ಬಾಗಿಲು ಹಾಕಿಕೊಂಡು ಮಲಗಿದೆ. ಸಂಜೆ ಎದ್ದು ಬಂದಾಗ ಒಲೆಯ ಮುಂದೆ ನನಗಾಗಿ ಹಾಕಿದ್ದ ಚಾಪೆ ಖಾಲಿ ಇತ್ತು. ಟೀ ಆರಿತ್ತು. ಪಕ್ಕದ ಎರಡು ಒಲೆಯವರು ನನ್ನನ್ನು ಮಾತಾಡಿಸಲೆಂದೇ ಬಂದು, ಕಾದು, ಹೋಗಿದ್ದರು. ಯಾರೂ ಏನೂ ಅನ್ನಲಿಲ್ಲ. ನನಗೇ ತಿಳಿಯಿತು. ಅವತ್ತಿನಿಂದ ಎಲ್ಲಿ ಹೋದರೂ ಮೊದಲು ಒಲೆಯ ಹತ್ತಿರ ಕೂರುತ್ತಿದ್ದೆ. ಎಷ್ಟೇ ಸುಸ್ತಾದರೂ ಅರ್ಧ ಗಂಟೆ. ಭಾಷೆ ಬರದಿದ್ದರೂ ಸುಮ್ನೆ ಕೂರಬಹುದು, ಸೊಪ್ಪು ಬಿಡಿಸಿಕೊಡಬಹುದು. ಮಲಯ್ ಭಾಷೆಯ ನೂರು ಪದ ಕಲಿತು ಹೋಗಿದ್ದು ತುಂಬಾ ಉಪಯೋಗಕ್ಕೆ ಬಂತು. ಅಲ್ಲಿ ಕಲಿತ ಮೊದಲ ಕೆಲಬಿಟ್ ಪದ ಕುಮಾನ್, ಅಂದರೆ ಊಟ ಮಾಡುವುದು.

ಊಟದಲ್ಲಿ ಮೆತ್ತಗೆ ಬೇಯಿಸಿ ಎಲೆಯಲ್ಲಿ ಕಟ್ಟಿದ ಅನ್ನ, ಕಾಡಿನ ಜರಿಗಿಡದ ಎಳೆ ಸುರುಳಿ, ಕಳಲೆ, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿಸಿದ ಮಾಂಸ. ಬಾರಿಯೋ ಅಕ್ಕಿ ಸಣ್ಣ ಕಾಳಿನದು. ವರ್ಷಕ್ಕೆ ಒಂದೇ ಬೆಳೆ. ಮಾಂಸ ತಿನ್ನದವರು ಹೋಗುವ ಮೊದಲೇ ಹೇಳಿಬಿಡಿ. ಎದುರಿಗೆ ಇಟ್ಟ ಮೇಲೆ ಬೇಡ ಅನ್ನುವುದು ಇಬ್ಬರಿಗೂ ಕಷ್ಟ. ಇನ್ನೊಂದು ವಿಷಯ. ಬೋರ್ನಿಯೋ ಅಂದರೆ ಅಕ್ಕಿಯ ಹೆಂಡ ಅಂತ ಪ್ರವಾಸಿಗರು ಬಾಟಲಿ ಕಾಣಿಕೆ ಒಯ್ಯುವುದುಂಟು. ಕೆಲಬಿಟ್ ಜನ ಕ್ರೈಸ್ತರು, ಕುಡಿತ ಬಿಟ್ಟು ದಶಕಗಳಾಗಿವೆ. 1973ರಲ್ಲಿ ಬಾರಿಯೋದ ಶಾಲಾ ಮಕ್ಕಳಿಂದ ಶುರುವಾದ ಧಾರ್ಮಿಕ ಜಾಗೃತಿಯನ್ನು ಹಿರಿಯರು ಇವತ್ತಿಗೂ ನೆನೆಯುತ್ತಾರೆ. ನಾನು ಒಯ್ದದ್ದು ಟೀ ಪುಡಿ, ಓದುವ ಕನ್ನಡಕಗಳು, ಸೂಜಿ, ಗಟ್ಟಿ ದಾರ. ಕನ್ನಡಕಕ್ಕೆ ಬಂದ ಸಂತೋಷ ಬೇರೆ ಯಾವುದಕ್ಕೂ ಬರಲಿಲ್ಲ.

ಎರಡನೇ ದಿನ ಪಾ ಉಮೋರ್‌ನ ಉಪ್ಪಿನ ಬುಗ್ಗೆಗೆ ಹೋದೆ. ಪಾ ಅಂದರೆ ಹೊಳೆ. ಸಮುದ್ರದಿಂದ ಇಷ್ಟು ದೂರ, ಬೆಟ್ಟದ ನಡುವೆ, ನೆಲದಿಂದ ಉಪ್ಪುನೀರು ಬರುತ್ತದೆ. ಅದನ್ನು ದೊಡ್ಡ ಪಾತ್ರೆಗಳಲ್ಲಿ ತುಂಬಿ ಹಗಲು ರಾತ್ರಿ ಸೌದೆ ಉರಿಸಿ ಕಾಯಿಸುತ್ತಾರೆ. ತಳದಲ್ಲಿ ಉಳಿದ ಉಪ್ಪನ್ನು ಬಿದಿರಿನ ಕೊಳವೆಗೆ ಒತ್ತಿ ತುಂಬಿ ಮತ್ತೆ ಬೆಂಕಿಗೆ ಹಾಕುತ್ತಾರೆ. ಬಿದಿರು ಸುಟ್ಟು ಹೋಗುತ್ತದೆ, ಉಪ್ಪು ಗಟ್ಟಿ ಅಚ್ಚಾಗಿ ಉಳಿಯುತ್ತದೆ. ಅದನ್ನು ಎಲೆಯಲ್ಲಿ ಸುತ್ತಿ ಕಟ್ಟುತ್ತಾರೆ. ಹೊಗೆಯಲ್ಲಿ ನಿಂತು ಒಂದು ಗಂಟೆ ಸೌದೆ ಹಾಕಿದೆ. ಕಣ್ಣು ಉರಿಯಿತು. ಆಮೇಲೆ ಆ ಉಪ್ಪಿನ ಬೆಲೆ ಜಾಸ್ತಿ ಅಂತ ನನಗೆ ಅನ್ನಿಸಲಿಲ್ಲ.

ಅಲ್ಲಿಂದ ಪಾ ಲುಂಗಾನ್ ಹಳ್ಳಿಗೆ ನಾಲ್ಕು ಗಂಟೆಯ ನಡಿಗೆ. ಎಮ್ಮೆಗಳು ಸಾಮಾನು ಎಳೆದು ಎಳೆದು ಕೆಸರು ಮಾಡಿದ ದಾರಿ. ನನ್ನ ದುಬಾರಿ ಟ್ರೆಕ್ಕಿಂಗ್ ಶೂ ಒಳಗೆ ನೀರು ತುಂಬಿಕೊಂಡು ಎರಡು ಕಲ್ಲು ಕಟ್ಟಿದ ಹಾಗಾಯಿತು. ಮಾರ್ಗದರ್ಶಿ ಅಂಕಲ್ ಕಾಲಲ್ಲಿ ಇದ್ದದ್ದು ಕಪ್ಪು ರಬ್ಬರ್ ಶೂ, ಅಡಿಯಲ್ಲಿ ಫುಟ್ಬಾಲ್ ಶೂ ಥರ ಗುಬಟುಗಳು. ಊರವರು ಅದಕ್ಕೆ ಅಡಿಡಾಸ್ ಕಂಪೋಂಗ್ ಅನ್ನುತ್ತಾರೆ. ಕಂಪೋಂಗ್ ಅಂದರೆ ಹಳ್ಳಿ. 20 ರಿಂಗಿಟ್‌ಗಿಂತ (ಮಲೇಷ್ಯಾದ ಹಣ) ಕಡಿಮೆಗೆ ಸಿಗುತ್ತದೆ, ನೀರು ಹಿಡಿದಿಟ್ಟುಕೊಳ್ಳುವುದಿಲ್ಲ, ಒದ್ದೆ ಬೇರಿನ ಮೇಲೆ ಜಾರುವುದಿಲ್ಲ. ವಾಪಸ್ ಬಂದ ಕೂಡಲೇ ನಾನೂ ಒಂದು ಜೊತೆ ತೆಗೆದುಕೊಂಡೆ.

ಜಿಗಣೆ ಬಗ್ಗೆ ಎಲ್ಲರೂ ಕೇಳುತ್ತಾರೆ. ಮಲೆನಾಡಿನವರು ಉಂಬಳ ಅನ್ನುತ್ತಾರಲ್ಲ, ಅದರದೇ ಬಳಗ. ಅಲ್ಲಿ ಎರಡು ಥರ. ಕಂದು ಬಣ್ಣದ್ದು ನೆಲದಲ್ಲಿರುತ್ತದೆ, ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಪಟ್ಟೆ ಇರುವ ಹುಲಿ ಜಿಗಣೆ ಎಲೆಗಳ ಮೇಲೆ ಮಂಡಿ, ಸೊಂಟದ ಎತ್ತರದಲ್ಲಿ ಕಾದಿರುತ್ತದೆ, ಅದು ಕಚ್ಚಿದರೆ ಚುರ್ ಅನ್ನುತ್ತದೆ. ಪ್ಯಾಂಟಿನ ಮೇಲೆ ಮಂಡಿಯವರೆಗೆ ಬರುವ ಒತ್ತುನೇಯ್ಗೆಯ ಬಟ್ಟೆ ಸಾಕ್ಸ್ ಹಾಕಿ ಬಿಗಿದರೆ ಮುಕ್ಕಾಲು ಪಾಲು ತಪ್ಪುತ್ತದೆ. ಹತ್ತಿದರೆ ಬೆಂಕಿ ಮುಟ್ಟಿಸಬೇಡಿ, ಉಪ್ಪು ಸುರಿಯಬೇಡಿ. ಅದು ಹೊಟ್ಟೆಯಲ್ಲಿದ್ದದ್ದನ್ನು ಗಾಯದೊಳಗೆ ಕಕ್ಕಬಹುದು. ಸಣ್ಣ ತುದಿಯಲ್ಲಿ ಬಾಯಿ ಇರುತ್ತದೆ, ಅದರ ಕೆಳಗೆ ಉಗುರು ತೂರಿಸಿ ಸರಿಸಿದರೆ ಬಿಡುತ್ತದೆ. ಗಾಯ ಸ್ವಲ್ಪ ಹೊತ್ತು ಸೋರುತ್ತಲೇ ಇರುತ್ತದೆ, ಗಾಬರಿ ಬೇಡ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಅದರ ಎಂಜಲಿನಲ್ಲಿದೆ. ಕೆರೆದುಕೊಂಡರೆ ಕೀವಾಗುತ್ತದೆ, ಅದೇ ನಿಜವಾದ ತೊಂದರೆ.

ಈ ಸೀಮೆಯಲ್ಲಿ ಹಳೆಯ ನಿಲುಗಲ್ಲು, ಕೆತ್ತಿದ ಬಂಡೆ, ಕಲ್ಲಿನ ಮೇಜಿನಂಥ ಸಮಾಧಿಗಳು ಅಲ್ಲಲ್ಲಿ ಇವೆ. ಒಂದು ಕಡೆ ಪಾಚಿಗಟ್ಟಿದ ಕಲ್ಲುಗುಡ್ಡೆ ಇತ್ತು. ನಾನು ಅದನ್ನು ಹತ್ತಿ ಫೋಟೋ ತೆಗೆಯಲು ಹೊರಟೆ. ಅಂಕಲ್ ನನ್ನ ತೋಳು ಹಿಡಿದರು. ಅದಕ್ಕೆ ಪೆರುಪುನ್ ಅನ್ನುತ್ತಾರೆ. ಹಿಂದೆ ಮಕ್ಕಳಿಲ್ಲದ ಸಿರಿವಂತರು ಸತ್ತ ಮೇಲೆ ತಮ್ಮ ಆಸ್ತಿಗೆ ಜಗಳವಾಗಬಾರದು ಅಂತ ಬೆಲೆಬಾಳುವ ಜಾಡಿ, ಮಣಿಗಳನ್ನು ಹೀಗೆ ಕಲ್ಲು ಹೇರಿ ಹೂಳಿಸುತ್ತಿದ್ದರಂತೆ. ನನಗೆ ಕಂಡದ್ದು ಬರೀ ಕಲ್ಲು. ಆಮೇಲೆ ಕಾಡಿನಲ್ಲಿ ಏನನ್ನಾದರೂ ಮುಟ್ಟುವ, ತುಳಿಯುವ ಮೊದಲು ಕೇಳುವ ಅಭ್ಯಾಸ ಮಾಡಿಕೊಂಡೆ.

ಬಾರಿಯೋಗೆ ಮರಳಿ ಒಂದು ರಾತ್ರಿ ಮಲಗಿ, ಐದು ದಿನದ ಕಾಡು ನಡಿಗೆಗೆ ಹೊರಟೆವು. ಗುರಿ ಬಾಟು ಲಾವಿ, 2,046 ಮೀಟರ್ ಎತ್ತರದ ಜೋಡಿ ಬಂಡೆ ಶಿಖರದ ಬುಡ. ಎತ್ತರದ್ದು ಗಂಡು, ಪಕ್ಕದ್ದು ಹೆಣ್ಣು ಅನ್ನುತ್ತಾರೆ. ಎರಡನೇ ಮಹಾಯುದ್ಧದಲ್ಲಿ ವಿಮಾನದವರಿಗೆ ಇದೇ ಗುರುತು. 1945ರ ಮಾರ್ಚ್‌ನಲ್ಲಿ ಜಪಾನೀಯರ ವಿರುದ್ಧ ಹೋರಾಡಲು ಬಂದ ಬ್ರಿಟಿಷ್ ಅಧಿಕಾರಿ ಟಾಮ್ ಹ್ಯಾರಿಸನ್ ಮತ್ತು ಅವರ ಸಂಗಡಿಗರು ಪ್ಯಾರಾಚೂಟಿನಲ್ಲಿ ಇಳಿದದ್ದು ಬಾರಿಯೋ ಬಯಲಿಗೇ. ಇದೇ ಕಾಡುಗಳ ಪೆನಾನ್ ಜನರ ಜೊತೆ ಆರು ವರ್ಷ ಬದುಕಿ, ಮರ ಕಡಿಯುವುದರ ವಿರುದ್ಧ ಅವರೊಂದಿಗೆ ನಿಂತ ಸ್ವಿಟ್ಜರ್ಲೆಂಡಿನ ಬ್ರೂನೋ ಮನ್ಸರ್ 2000ರ ಮೇ ತಿಂಗಳಲ್ಲಿ ಕಾಣೆಯಾದದ್ದೂ ಈ ಶಿಖರದ ಕಡೆ ಹೋದಾಗ. ಇವತ್ತಿಗೂ ಅವರ ಸುಳಿವಿಲ್ಲ.

ಈ ಸಲ ನಮ್ಮ ಜೊತೆ ಒಬ್ಬ ಪೆನಾನ್ ಅಂಕಲ್ ಬಂದರು. ಪೆನಾನರು ಬಹಳ ಕಾಲ ಅಲೆಮಾರಿಗಳಾಗಿದ್ದವರು. ಈಗ ಹೆಚ್ಚಿನವರು ಹಳ್ಳಿಗಳಲ್ಲಿ ನೆಲೆಸಿದ್ದಾರೆ. ಆ ಅಂಕಲ್ ನನಗೆ ಓರೋ ತೋರಿಸಿದರು. ದಾರಿಯ ಪಕ್ಕ ನೆಟ್ಟ ಕಡ್ಡಿ, ಅದರ ಸೀಳಿನಲ್ಲಿ ಸಿಕ್ಕಿಸಿದ ಎಲೆ, ಮಡಿಸಿದ ರೆಂಬೆ. ಹಿಂದೆ ಬರುವವರಿಗೆ ಬಿಟ್ಟ ಸುದ್ದಿ ಅದು. ಯಾವ ಕಡೆ ಹೋದೆವು, ಎಷ್ಟು ಜನ, ಹಸಿದಿದ್ದೇವೋ ಇಲ್ಲವೋ ಎಲ್ಲ ಅದರಲ್ಲಿ ಹೇಳಬಹುದು. ಅದೇ ದಾರಿಯಲ್ಲಿ ನಾನೊಬ್ಬನೇ ಹೋಗಿದ್ದರೆ ಕಾಲಿಗೆ ತಾಗಿ ಮುರಿದುಬಿಡುತ್ತಿದ್ದೆ. ಮೊಲೋಂಗ್ ಅನ್ನುವ ಇನ್ನೊಂದು ಪದ್ಧತಿಯೂ ಇದೆ. ತಿರುಳಿನಿಂದ ತಿನ್ನುವ ಹಿಟ್ಟು ಸಿಗುವ ಸಾಗೋ ತಾಳೆಯನ್ನೋ ಹಣ್ಣಿನ ಮರವನ್ನೋ ಗುರುತು ಮಾಡಿ, ಬೇಕಾಗುವವರೆಗೆ ಉಳಿಸಿಡುವುದು. ಗುರುತಿದ್ದರೆ ಅದು ಒಬ್ಬರದು ಅಂತ ಬೇರೆಯವರು ಬಿಡುತ್ತಾರೆ. ಹೊರಗಿನವರು ಯಾರದ್ದೂ ಅಲ್ಲದ ಕಾಡು ಅಂತ ಕಡಿದದ್ದು ಇಂಥ ಮರಗಳನ್ನೇ ಅಲ್ವಾ?

ನಡಿಗೆಯ ಕೆಲಸ ನಿಜ ಹೇಳಬೇಕೆಂದರೆ ಸರಳ. ಎರಡೇ ಜೊತೆ ಬಟ್ಟೆ. ಒಂದು ಹಗಲಿನ ಒದ್ದೆ ಜೊತೆ, ಒಂದು ರಾತ್ರಿಯ ಒಣ ಜೊತೆ. ಬೆಳಿಗ್ಗೆ ಎದ್ದು ಆ ತಣ್ಣಗಿನ ಒದ್ದೆ ಬಟ್ಟೆಯನ್ನೇ ಮತ್ತೆ ಹಾಕಿಕೊಳ್ಳಬೇಕು. ಮನಸ್ಸು ಒಪ್ಪುವುದಿಲ್ಲ. ಒಣ ಜೊತೆಯಲ್ಲೇ ಹೊರಟರೆ ರಾತ್ರಿಗೆ ಏನೂ ಉಳಿಯುವುದಿಲ್ಲ, ಆ ಎತ್ತರದಲ್ಲಿ ರಾತ್ರಿ ಚಳಿ ಇರುತ್ತದೆ. ಒಣ ಬಟ್ಟೆ, ಮಲಗುವ ಚೀಲ, ಔಷಧಿ ಇವಿಷ್ಟೂ ಗಟ್ಟಿ ಪ್ಲಾಸ್ಟಿಕ್ ಚೀಲದೊಳಗೆ. ಚೀಲದ ಮೇಲೆ ಹಾಕುವ ಮಳೆ ಕವರ್ ನಂಬಬೇಡಿ. ರಾತ್ರಿ ಕಾಲನ್ನು ಪೂರ್ತಿ ಒಣಗಿಸಿ ಪುಡಿ ಹಾಕಬೇಕು. ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ, ಹಾಗಾಗಿ ಬೆಳಕು ಹರಿಯುತ್ತಲೇ ಹೊರಟು ಎರಡು, ಮೂರು ಗಂಟೆಗೆ ಬಿಡಾರ ಹೂಡುತ್ತಿದ್ದೆವು. ಹೊಳೆಯ ಪಕ್ಕದ ಸಮತಟ್ಟು ಎಷ್ಟು ಚೆಂದ ಕಂಡರೂ ಅಲ್ಲಿ ಮಲಗುವುದಿಲ್ಲ, ಮೇಲೆಲ್ಲೋ ಮಳೆ ಸುರಿದರೆ ನೀರು ಹೇಳದೆ ಕೇಳದೆ ಏರುತ್ತದೆ. ತಲೆಯ ಮೇಲೆ ಒಣಗಿದ ಕೊಂಬೆ ಇದೆಯಾ ಅಂತಲೂ ನೋಡಬೇಕು.

ಮೂರನೇ ದಿನ ಹೊಳೆ ದಾಟುವಾಗ ನಾನು ಬಿದ್ದೆ. ಸೊಂಟದ ನೀರು. ದಾಟುವ ಮೊದಲು ಅಂಕಲ್ ಚೀಲದ ಸೊಂಟಪಟ್ಟಿ, ಎದೆಪಟ್ಟಿ ಎರಡನ್ನೂ ಬಿಚ್ಚಿಸಿದ್ದರು. ಬಿದ್ದಾಗ ಚೀಲ ಭುಜದಿಂದ ಸುಲಭವಾಗಿ ಕಳಚಿತು, ನಾನು ಮೇಲೆದ್ದೆ. ಪಟ್ಟಿ ಬಿಗಿದಿದ್ದರೆ ಆ ಭಾರ ನನ್ನನ್ನು ಮುಖ ಕೆಳಗಾಗಿ ಒತ್ತುತ್ತಿತ್ತು. ಅವತ್ತು ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ.

ಹೊಳೆ, ಕೆಸರು, ಗಾಯ ಮೂರೂ ಸೇರಿದ ಕಡೆ ಇಲಿಜ್ವರದ ಭಯ ಇದೆ. 2000ದಲ್ಲಿ ಪಕ್ಕದ ಸಬಾ ರಾಜ್ಯದಲ್ಲಿ ನಡೆದ ಒಂದು ಸಾಹಸ ಸ್ಪರ್ಧೆಯಲ್ಲಿ ಹೊಳೆಯಲ್ಲಿ ಈಜಿದ ಎಷ್ಟೋ ಸ್ಪರ್ಧಿಗಳಿಗೆ ಅದು ಬಂದಿತ್ತು. ಕೋತಿಗಳಿಂದ ಸೊಳ್ಳೆಯ ಮೂಲಕ ಮನುಷ್ಯರಿಗೆ ಬರುವ ನೋಲೆಸಿ ಮಲೇರಿಯಾ ಕೂಡ ಬೋರ್ನಿಯೋ ಕಾಡಿನಲ್ಲಿದೆ. ಅದು ಎಷ್ಟು ಜನರಿಗೆ ತಗಲುತ್ತಿದೆ ಅಂತ ಮೊದಲು ಬೆಳಕಿಗೆ ಬಂದದ್ದೇ ಸರವಾಕಿನ ಕಾಪಿಟ್‌ನಲ್ಲಿ, 2004ರಲ್ಲಿ. ಹೋಗುವ ಮೊದಲು ಪ್ರವಾಸದ ಕಾಯಿಲೆ ಗೊತ್ತಿರುವ ವೈದ್ಯರನ್ನು ಕಂಡು ಮಾತ್ರೆ ಕೇಳಿ. ಬಂದ ಮೇಲೆ ಜ್ವರ ಬಂದರೆ ಎಲ್ಲಿಗೆ ಹೋಗಿದ್ದಿರಿ ಅಂತ ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ.

ದುಡ್ಡಿನ ವಿಷಯ ಮುಚ್ಚುಮರೆ ಇಲ್ಲದೆ ಮೊದಲೇ ಮಾತಾಡುವುದು ಒಳ್ಳೆಯದು. ಮಾರ್ಗದರ್ಶಿಗೆ ದಿನಕ್ಕೆ ಎಷ್ಟು, ಹೊರೆ ಹೊರುವವರಿಗೆ ಎಷ್ಟು, ವಾಪಸ್ ಬರುವ ದಿನವೂ ಲೆಕ್ಕಕ್ಕೆ ಸೇರುತ್ತದಾ, ಊಟ ಯಾರದು. ಅವರು ಆ ದಿನ ಗದ್ದೆ ಕೆಲಸ ಬಿಟ್ಟು ಬರುತ್ತಾರೆ. ಚೌಕಾಸಿ ಮಾಡಬೇಡಿ. ಬೇಕಾದಷ್ಟು ನಗದು ಮಿರಿಯಿಂದಲೇ ಒಯ್ಯಿರಿ.

ಕೊನೆಯ ಸಂಜೆ ಮತ್ತೆ ಆಂಟಿಯ ಒಲೆಯ ಮುಂದೆ ಕೂತಿದ್ದೆ. ಎಲೆಯಲ್ಲಿ ಸುತ್ತಿದ ಒಂದು ಉಪ್ಪಿನ ಅಚ್ಚು ಕೈಗಿಟ್ಟರು. ನಾನು ಡೈರಿಯಲ್ಲಿ ಅವರ ಹೆಸರು ಸರಿಯಾಗಿ ಬರೆದುಕೊಡಿ ಅಂದೆ. ಅವರು ನಕ್ಕರು. ಕೆಲಬಿಟ್ ಜನ ಮೊದಲ ಮಗು ಹುಟ್ಟಿದಾಗ ಹೆಸರು ಬದಲಿಸಿಕೊಳ್ಳುತ್ತಾರೆ. ಮೊಮ್ಮಗು ಹುಟ್ಟಿದರೆ ಅಜ್ಜ ಅಜ್ಜಿಗೂ ಹೊಸ ಹೆಸರು. ಅದಕ್ಕೆ ದೊಡ್ಡ ಊಟ ಹಾಕಿ, ಊರೆಲ್ಲ ಸೇರಿದಾಗ ಹೊಸ ಹೆಸರನ್ನು ಸಾರುತ್ತಾರೆ. ಆಂಟಿಯ ಮಗಳು ಆಗ ಐದು ತಿಂಗಳ ಬಸುರಿ. "ನೀನು ಮತ್ತೆ ಬರುವಷ್ಟರಲ್ಲಿ ಈ ಹೆಸರು ಇರುವುದಿಲ್ಲ ಮಗಾ, ಬಾಗಿಲು ನೆನಪಿಟ್ಟುಕೋ" ಅಂದರು. ಎಡಗಡೆಯಿಂದ ಏಳನೇ ಬಾಗಿಲು ಅಂತ ಬರೆದುಕೊಂಡೆ.