ಆಪರೇಷನ್ ಆದ ಮೇಲೂ ಕಾಂಡೋಮ್ ಬೇಕೆ? ಬಳಸುವುದು ಹೇಗೆ?

‘ಆಪರೇಷನ್ ಆಗಿದೆಯಲ್ಲ, ಇನ್ನು ಅದ್ಯಾಕೆ?’ ಕಾಂಡೋಮ್ ವಿಷಯ ಎತ್ತಿದರೆ ಎಷ್ಟೋ ದಂಪತಿಗಳು ಹೇಳುವುದು ಇದನ್ನೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ. ಇಡೀ ದೇಶದಲ್ಲಿ ಕಾಂಡೋಮ್ ಬಳಸುವ ದಂಪತಿಗಳು 2015–16ರಲ್ಲಿ ಶೇ 5.6 ಇದ್ದರು, 2019–21ರಲ್ಲಿ ಶೇ 9.5. ಏರಿದೆ ನಿಜ, ಆದರೂ ಹತ್ತರಲ್ಲಿ ಒಂದು ಜೋಡಿಯೂ ಆಗಲಿಲ್ಲ.

ಆಪರೇಷನ್ ಬಸಿರು ನಿಲ್ಲಿಸುತ್ತದೆ, ಎಚ್‌ಐವಿಯನ್ನಲ್ಲ. ಭಾರತದಲ್ಲಿ ಈ ವೈರಸ್ ಅತಿ ಹೆಚ್ಚು ಹರಡುವುದು ಗಂಡು–ಹೆಣ್ಣಿನ ಅಸುರಕ್ಷಿತ ಸಂಪರ್ಕದಿಂದಲೇ. ಸೋಂಕು ಹೊರಗಿನವರ ಕಾಯಿಲೆ ಎಂದುಕೊಂಡ ಮನೆಗಳಿಗೇ ಅದು ಸದ್ದಿಲ್ಲದೆ ಬಂದಿದೆ.

ಮೊದಲು ಪರೀಕ್ಷೆ

ಇಬ್ಬರೂ ಒಟ್ಟಿಗೆ ಹೋಗಿ. ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳ ಐಸಿಟಿಸಿಯಲ್ಲಿ (ಎಚ್‌ಐವಿ ಸಲಹೆ, ಪರೀಕ್ಷೆಯ ಕೇಂದ್ರ) ಆಪ್ತಸಮಾಲೋಚನೆ, ರಕ್ತಪರೀಕ್ಷೆ ಎರಡೂ ಉಚಿತ. 2017ರ ಎಚ್‌ಐವಿ ಕಾಯ್ದೆಯಂತೆ ನಿಮ್ಮ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಗುಟ್ಟಾಗಿಡಬೇಕು. ಸೋಂಕು ತಗುಲಿದ ಕೂಡಲೇ ಪರೀಕ್ಷೆಯಲ್ಲಿ ಕಾಣದು. ಆದ್ದರಿಂದ ಅಪಾಯದ ಸಂಪರ್ಕವಾಗಿದ್ದರೆ ಮೂರು ತಿಂಗಳ ನಂತರ ಮತ್ತೊಮ್ಮೆ ಮಾಡಿಸಿ. ಅಲ್ಲಿಯವರೆಗೆ ಕಾಂಡೋಮ್ ಬಿಡಬೇಡಿ.

ಮಾತು ತೆಗೆಯುವುದು

ಇದೇ ಎಲ್ಲಕ್ಕಿಂತ ಕಷ್ಟ. ಹೆಂಡತಿ ಕಾಂಡೋಮ್ ಕೇಳಿದರೆ ‘ನನ್ನ ಮೇಲೆ ಅನುಮಾನವೇ?’ ಎನ್ನುವ ಗಂಡಂದಿರಿದ್ದಾರೆ. ಗಂಡ ತಂದರೆ ಅನುಮಾನ ಅವನ ಮೇಲೆ. ಹಾಗಾಗಿ ಹಾಸಿಗೆಯಲ್ಲಿ ಬೇಡ, ಬಿಡುವಾಗಿ ಕುಳಿತಾಗ ಮಾತನಾಡಿ. ‘ಇಬ್ಬರೂ ಒಮ್ಮೆ ಟೆಸ್ಟ್ ಮಾಡಿಸೋಣ, ವರದಿ ಬರುವ ತನಕ ಕಾಂಡೋಮ್ ಬಳಸೋಣ’ ಎಂದರೆ ತಪ್ಪು ಯಾರ ತಲೆಗೂ ಬರುವುದಿಲ್ಲ. ದುಡಿಮೆಗೆಂದು ತಿಂಗಳುಗಟ್ಟಲೆ ಊರು ಬಿಟ್ಟಿರುವವರ ಮನೆಯಲ್ಲಿ ಈ ಮಾತು ಆಗಲೇಬೇಕು. ಮಾತಿಗೆ ಬಗ್ಗದಿದ್ದರೆ ಇಬ್ಬರನ್ನೂ ಕೂರಿಸಿ ಹೇಳಲು ಐಸಿಟಿಸಿಯ ಆಪ್ತಸಮಾಲೋಚಕರಿದ್ದಾರೆ.

ಬಳಸುವ ಕ್ರಮ

ನಿರೋಧ್ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ, ಉಳಿದವು ಮೆಡಿಕಲ್ ಶಾಪಿನಲ್ಲಿ ಸಿಗುತ್ತವೆ. ಪರ್ಸಿನಲ್ಲೋ ಬೈಕಿನ ಬಾಕ್ಸಿನಲ್ಲೋ ಇಟ್ಟರೆ ಬಿಸಿಗೆ ರಬ್ಬರ್ ಹಾಳಾಗುತ್ತದೆ.

1. ಅವಧಿ ಮುಗಿಯುವ ದಿನಾಂಕ ನೋಡಿ. ಪ್ಯಾಕೆಟ್ಟನ್ನು ಒತ್ತಿದಾಗ ಒಳಗೆ ಗಾಳಿ ಇರಬೇಕು. ಹಲ್ಲು, ಕತ್ತರಿ ಬೇಡ, ಕೈಯಿಂದಲೇ ಹರಿಯಿರಿ.

2. ಶಿಶ್ನ ಪೂರ್ತಿ ಗಡುಸಾದ ಮೇಲೆ, ಸಂಪರ್ಕಕ್ಕೂ ಮೊದಲೇ ಹಾಕಿ. ಕೊನೆಯ ಗಳಿಗೆಗೆ ಕಾಯಬಾರದು.

3. ತುದಿಯನ್ನು ಚಿವುಟಿ ಗಾಳಿ ತೆಗೆದು, ಬುಡದವರೆಗೆ ಬಿಡಿಸಿ. ಉಲ್ಟಾ ಹಾಕಿದ್ದು ಗೊತ್ತಾದರೆ ಅದನ್ನೇ ತಿರುಗಿಸಬೇಡಿ, ಹೊಸದನ್ನು ತೆಗೆಯಿರಿ.

4. ಕೊಬ್ಬರಿ ಎಣ್ಣೆ, ವ್ಯಾಸಲೀನ್ ಹಚ್ಚಬೇಡಿ. ಕೈಗೆ ಸಿಗುವುದು ಅವೇ, ಆದರೆ ಎಣ್ಣೆಗೆ ಲ್ಯಾಟೆಕ್ಸ್ (ಕಾಂಡೋಮಿನ ರಬ್ಬರ್) ಬೇಗ ಹರಿಯುತ್ತದೆ. ನೀರು ಆಧಾರಿತ ಜೆಲ್ ಬಳಸಿ. ಒಂದರ ಮೇಲೊಂದು ಎರಡು ಹಾಕುವುದೂ ತಪ್ಪು.

5. ಸ್ಖಲನವಾದ ಕೂಡಲೇ, ಗಡುಸು ಇಳಿಯುವ ಮೊದಲೇ, ಬುಡ ಹಿಡಿದು ಹೊರತೆಗೆಯಿರಿ. ಗಂಟು ಹಾಕಿ, ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿ, ಕಮೋಡಿಗಲ್ಲ. ಪ್ರತಿ ಬಾರಿಗೂ ಹೊಸದೇ ಬೇಕು.

ಒಬ್ಬರಿಗೆ ಸೋಂಕು ಇದ್ದರೆ

ಸಂಸಾರ ಮುಗಿಯಿತು ಎಂದೇನಿಲ್ಲ. ಎಚ್‌ಐವಿಗೆ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರದಲ್ಲಿ ಮಾತ್ರೆ ಉಚಿತ. ದಿನವೂ ತಪ್ಪದೆ ನುಂಗಿ, ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಇಳಿದು ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಎಚ್‌ಐವಿ ಹರಡುವುದಿಲ್ಲ. ಆ ಹಂತ ತಲುಪಿದ್ದನ್ನು ವೈರಲ್ ಲೋಡ್ ಪರೀಕ್ಷೆಯೇ ಹೇಳಬೇಕು, ಮೈ ಚೆನ್ನಾಗಿದೆ ಎಂಬ ಅಂದಾಜಲ್ಲ.

ಕಾಂಡೋಮ್ ಹರಿದರೆ

ಸಂಗಾತಿಗೆ ಸೋಂಕಿದ್ದು ಅವರು ಚಿಕಿತ್ಸೆಯಲ್ಲಿಲ್ಲದಿದ್ದರೆ, ಅಥವಾ ಅವರ ಸ್ಥಿತಿ ಗೊತ್ತಿಲ್ಲದೆ ಅನುಮಾನವಿದ್ದರೆ, ಆ ದಿನವೇ ಎಆರ್‌ಟಿ ಕೇಂದ್ರದ ವೈದ್ಯರನ್ನು ಕಾಣಿ. ಸೋಂಕು ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ ಶುರುಮಾಡಿ 28 ದಿನ ತೆಗೆದುಕೊಳ್ಳಬೇಕು, ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಕರೆ ಮಾಡಿ ಕೇಳಿ, ಕರೆ ಉಚಿತ.