ಬೆಳಕನ್ನು ನುಂಗುವ ಚಿನ್ನ: ಮುಂಬೈಯ ಲ್ಯಾಬಿನಲ್ಲಿ ನನ್ನ ಅನುಭವ

ಮೆಟಾಮೆಟೀರಿಯಲ್ ಅಂದರೆ ಲೋಹದಂಥವನ್ನು ಕಿರಿದಾದ ಆಕಾರಗಳಾಗಿ ಜೋಡಿಸಿ, ನಿಸರ್ಗದಲ್ಲಿ ಸಿಗದ ಗುಣ ಹುಟ್ಟಿಸಿದ ವಸ್ತು. ಅದರ ಹೆಸರು ಎತ್ತಿದ ಕೂಡಲೇ ಜನ ಕೇಳುವುದು ಅದೃಶ್ಯವಾಗಿಸುವ ಹೊದಿಕೆಯ ಬಗ್ಗೆ. 2006ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಒಂದು ತಾಮ್ರದ ಸಿಲಿಂಡರನ್ನು ಮೈಕ್ರೋವೇವ್‌ಗೆ ಸಿಗದಂತೆ ಬಹುಮಟ್ಟಿಗೆ ಮರೆಮಾಚಿ ತೋರಿಸಿದ ಮೇಲೆ ಆ ಕುತೂಹಲ ಎಲ್ಲೆಡೆ ಹಬ್ಬಿತು. ನನ್ನ ಕೆಲಸದಲ್ಲಿ ಹೊದಿಕೆ ಎಂದೂ ಬರಲಿಲ್ಲ. ಇಷ್ಟು ವರ್ಷ ಮುಂಬೈಯಲ್ಲಿ ನಾನು ಬೆನ್ನು ಹತ್ತಿದ್ದು ಒಂದೇ ಪ್ರಶ್ನೆಯನ್ನು: ಲೋಹ ಬೆಳಕನ್ನು ನುಂಗುತ್ತದೆ, ಅದಕ್ಕೇನು ಮಾಡುವುದು?

ಧಾರವಾಡದಲ್ಲಿ ಎಂಎಸ್ಸಿ ಓದುವಾಗ ನಮ್ಮ ಮಾಸ್ತರರೊಬ್ಬರು ಪಾಠದ ನಡುವೆ ವಿಕ್ಟರ್ ವೆಸೆಲಾಗೊ ಹೆಸರು ಹೇಳಿದ್ದರು. ವಸ್ತುವಿನೊಳಗೆ ಬೆಳಕು ಎಷ್ಟು ಬಾಗುತ್ತದೆ ಎಂದು ಹೇಳುವ ವಕ್ರೀಭವನಾಂಕ ಋಣಾತ್ಮಕವಾದರೆ ಬೆಳಕು ಹೇಗೆ ನಡೆದುಕೊಳ್ಳುತ್ತದೆ ಎಂದು 1960ರ ದಶಕದಲ್ಲೇ ಲೆಕ್ಕ ಹಾಕಿದ ಸೋವಿಯತ್ ಭೌತವಿಜ್ಞಾನಿ ಆತ. ಅಂಥ ವಸ್ತುವಿಗೆ ಇಳಿದ ಕಿರಣ ಲಂಬರೇಖೆಯನ್ನು ದಾಟದೆ, ಬಂದ ಬದಿಗೇ ಬಾಗುತ್ತದೆ. ಅದಕ್ಕೆ ವಸ್ತುವಿನ ವಿದ್ಯುತ್ ಪ್ರತಿಕ್ರಿಯೆ, ಕಾಂತೀಯ ಪ್ರತಿಕ್ರಿಯೆ ಎರಡೂ ಒಂದೇ ಆವೃತ್ತಿಯಲ್ಲಿ ಋಣಾತ್ಮಕ ಆಗಬೇಕು. ಬೆಳಕಿನ ಆವೃತ್ತಿಯಲ್ಲಿ ಮೊದಲನೆಯದು ಬೆಳ್ಳಿ ಬಂಗಾರದಲ್ಲಿ ಸಿಗುತ್ತದೆ, ಎರಡನೆಯದು ನಿಸರ್ಗದಲ್ಲಿ ಸಿಗುವುದಿಲ್ಲ. ಹೀಗಾಗಿ ಆ ಲೆಕ್ಕ ಮೂವತ್ತು ವರ್ಷ ಲೆಕ್ಕವಾಗಿಯೇ ಉಳಿಯಿತು. 1999ರಲ್ಲಿ ಲಂಡನ್ನಿನ ಜಾನ್ ಪೆಂಡ್ರಿ ಮತ್ತು ಸಂಗಡಿಗರು, ಒಂದು ಕಡೆ ಸೀಳು ಬಿಟ್ಟ ಲೋಹದ ಉಂಗುರಗಳನ್ನು ಸಾಲಾಗಿ ಜೋಡಿಸಿದರೆ ಇಲ್ಲದ ಕಾಂತೀಯತೆ ಬರುತ್ತದೆ ಎಂದು ತೋರಿಸಿದರು. 2001ರಲ್ಲಿ ಸ್ಯಾನ್ ಡಿಯೇಗೊದ ತಂಡ ತಾಮ್ರದ ಉಂಗುರ, ತಂತಿಗಳಿಂದ ಮಾಡಿದ ಪ್ರಿಸಂನಲ್ಲಿ ಮೈಕ್ರೋವೇವ್ ಹಾಗೆ ಬಾಗುವುದನ್ನು ಅಳೆದೇ ಬಿಟ್ಟಿತು.

ವಸ್ತು ಯಾವುದೇ ಇರಲಿ, ಆಕಾರದಿಂದ ಗುಣ ಹುಟ್ಟಿಸಬಹುದು ಎಂಬ ಈ ದಾರಿ ನಮ್ಮ ದೇಶದಲ್ಲಿ ಇನ್ನೂ ಹಳೆಯದು. 1898ರಲ್ಲೇ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಹೊಸೆದ ಸೆಣಬಿನ ಕಟ್ಟಿನ ಮೂಲಕ ಕಿರು ವಿದ್ಯುತ್ಕಾಂತೀಯ ಅಲೆಗಳನ್ನು ಹಾಯಿಸಿ, ಅವುಗಳ ಧ್ರುವೀಕರಣದ ತಲ, ಅಂದರೆ ಅಲೆ ಕಂಪಿಸುವ ದಿಕ್ಕು, ತಿರುಗುವುದನ್ನು ಕಂಡಿದ್ದರು. ಸೆಣಬನ್ನು ಎಡಕ್ಕೆ ಹೊಸೆದರೆ ಒಂದು ದಿಕ್ಕು, ಬಲಕ್ಕೆ ಹೊಸೆದರೆ ಇನ್ನೊಂದು. ನನ್ನ ಹತ್ತಿರ ಬರುವ ವಿದ್ಯಾರ್ಥಿಗಳಿಗೆ ಪೆಂಡ್ರಿಗಿಂತ ಮೊದಲು ಇದನ್ನೇ ಓದಿಸುತ್ತೇನೆ.

ಮೈಕ್ರೋವೇವ್ ಉಂಗುರ ಮಿಲಿಮೀಟರ್ ಗಾತ್ರದ್ದು, ಸರ್ಕ್ಯೂಟ್ ಬೋರ್ಡ್ ಮಾಡುವವರಲ್ಲಿ ಮಾಡಿಸಬಹುದು. ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ ಸುಮಾರು 400ರಿಂದ 700 ನ್ಯಾನೋಮೀಟರ್. ಉಂಗುರ ಅದಕ್ಕಿಂತ ಸಾಕಷ್ಟು ಸಣ್ಣದಿರಬೇಕು. ಸಣ್ಣದು ಮಾಡಿದಷ್ಟೂ ಅನುರಣನದ ಆವೃತ್ತಿ, ಅಂದರೆ ಉಂಗುರ ಅತಿ ಜೋರಾಗಿ ಸ್ಪಂದಿಸುವ ಆವೃತ್ತಿ, ಏರುತ್ತದೆ, ಆದರೆ ಒಂದು ಹಂತದವರೆಗೆ ಮಾತ್ರ. ಆಮೇಲೆ ಎಲೆಕ್ಟ್ರಾನುಗಳ ಜಡತ್ವ ಅಡ್ಡ ಬರುತ್ತದೆ, ಉಂಗುರ ಎಷ್ಟೇ ಕಿರಿದಾದರೂ ಆವೃತ್ತಿ ಮೇಲೇರುವುದಿಲ್ಲ. ಹಾಗಾಗಿ ಈ ಕ್ಷೇತ್ರದವರು ಉಂಗುರ ಬಿಟ್ಟು ಫಿಶ್‌ನೆಟ್ ಹಿಡಿದರು: ಎರಡು ಬೆಳ್ಳಿ ಪದರ, ನಡುವೆ ಮೆಗ್ನೀಷಿಯಂ ಫ್ಲೋರೈಡ್, ಮೂರರಲ್ಲೂ ಹಾದುಹೋಗುವ ತೂತುಗಳ ಸಾಲು. 2007ರಲ್ಲಿ ಜರ್ಮನಿಯ ತಂಡವೊಂದು ಇದರಿಂದ 780 ನ್ಯಾನೋಮೀಟರಿನಲ್ಲಿ ಋಣಾತ್ಮಕ ವಕ್ರೀಭವನಾಂಕ ಮುಟ್ಟಿತು. ನಾನು ಪಿಎಚ್‌ಡಿಗೆಂದು ಮುಂಬೈಗೆ ಬಂದು ಹಿಡಿದದ್ದೂ ಇದೇ ಜಾಡು.

ಇಂಥದ್ದನ್ನು ಮಾಡುವ ಕ್ರಮ ಬಿಡಿಸಿ ಹೇಳುತ್ತೇನೆ. ಗಾಜಿನ ಮೇಲೆ ಪಿಎಂಎಂಎ ಎಂಬ ರೆಸಿಸ್ಟ್ (ಎಲೆಕ್ಟ್ರಾನ್ ತಾಗಿದಲ್ಲಿ ಗುಣ ಬದಲಿಸುವ ಪ್ಲಾಸ್ಟಿಕ್ಕಿನ ದ್ರಾವಣ) ಹನಿಸಿ, ಗಿರಗಿರನೆ ತಿರುಗಿಸಿ ತೆಳ್ಳಗೆ ಹರಡಿ, 180 ಡಿಗ್ರಿಯಲ್ಲಿ ಬಿಸಿ ಮಾಡಿ, ಎಲೆಕ್ಟ್ರಾನ್ ಕಿರಣದಿಂದ ಅದರ ಮೇಲೆ ಚಿತ್ರ ಬರೆಯಬೇಕು. ಗಾಜು ವಿದ್ಯುತ್ ಹರಿಸುವುದಿಲ್ಲವಾದ್ದರಿಂದ ಅಲ್ಲೇ ಆವೇಶ ಕೂತು ಮುಂದಿನ ಗೆರೆಯನ್ನು ಪಕ್ಕಕ್ಕೆ ತಳ್ಳುತ್ತದೆ. ಅದಕ್ಕೇ ವಿದ್ಯುತ್ ಹರಿಸುವ ಪಾರದರ್ಶಕ ಐಟಿಒ ಲೇಪಿಸಿದ ಗಾಜು ಬೇಕು. ಡೆವಲಪರ್‌ನಲ್ಲಿ ಅದ್ದಿದಾಗ ಕಿರಣ ಬಿದ್ದ ಜಾಗದ ರೆಸಿಸ್ಟ್ ಕರಗಿಹೋಗುತ್ತದೆ. ನಿರ್ವಾತದಲ್ಲಿ ಚಿನ್ನವನ್ನು ಆವಿ ಮಾಡಿ ಕೂರಿಸಿ, ಅಸಿಟೋನಿನಲ್ಲಿ ನೆನೆಹಾಕಿದರೆ ಉಳಿದ ರೆಸಿಸ್ಟ್ ತನ್ನ ಮೇಲಿನ ಚಿನ್ನದ ಸಮೇತ ಎದ್ದುಬರುತ್ತದೆ. ಇದು ಲಿಫ್ಟ್-ಆಫ್. ಹುಡುಗರು ಅವಸರ ಮಾಡುವುದೇ ಇಲ್ಲಿ. ರಾತ್ರಿಯಿಡೀ ನೆನೆಯಲು ಬಿಟ್ಟು, ಬೆಳಿಗ್ಗೆ ಸಿರಿಂಜಿನಿಂದ ಅಸಿಟೋನನ್ನೇ ಮೆಲ್ಲಗೆ ಚಿಮ್ಮಿಸಬೇಕು. ಗಾಜು ಒಂದು ಕ್ಷಣವೂ ಒಣಗಕೂಡದು. ಒಣಗಿದರೆ ತೇಲುತ್ತಿದ್ದ ಚಿನ್ನದ ಹಾಳೆ ರಚನೆಯ ಮೇಲೇ ಕೂತು ಅಂಟಿಕೊಳ್ಳುತ್ತದೆ, ಮತ್ತೆ ಬಿಡುವುದಿಲ್ಲ.

ಕಾಣುವ ಬೆಳಕನ್ನು ಬೆಳ್ಳಿ ಚಿನ್ನಕ್ಕಿಂತ ಕಡಿಮೆ ನುಂಗುತ್ತದೆ. ಆದರೆ ಮುಂಬೈಯ ಗಾಳಿಯಲ್ಲಿ ಬೆಳ್ಳಿ ಬಾಳುವುದಿಲ್ಲ. ತೇವ, ಜೊತೆಗೆ ಗಾಳಿಯಲ್ಲಿರುವ ಗಂಧಕದ ಅಂಶ ಸೇರಿ ಮೇಲೆ ಸಿಲ್ವರ್ ಸಲ್ಫೈಡ್ ಕೂರುತ್ತದೆ. ಮನೆಯ ಬೆಳ್ಳಿ ದೀಪಕ್ಕಾದರೆ ಅದು ಉಜ್ಜಿ ತೆಗೆಯುವ ಕಪ್ಪು, 30 ನ್ಯಾನೋಮೀಟರ್ ದಪ್ಪದ ರಚನೆಗೆ ಅದೇ ಕೊನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕ್ಲೀನ್ ರೂಮಿನೊಳಗೆ ತೇವವನ್ನು ಹಿಡಿತದಲ್ಲಿಡಬಹುದು, ಸ್ಯಾಂಪಲ್ ಹೊರಗೆ ಬಂದ ಮೇಲೆ ಏನು ಮಾಡುವುದು? ನಾವು ಚಿನ್ನಕ್ಕೇ ನಿಂತೆವು. ಚಿನ್ನ ಹಸಿರು, ನೀಲಿ ಬೆಳಕನ್ನು ವಿಪರೀತ ಹೀರುವುದರಿಂದ ಕೆಂಪು ಮತ್ತು ಅವಕೆಂಪಿನಲ್ಲೇ ಕೆಲಸ ಮಾಡಿದೆವು.

ಕಂಪ್ಯೂಟರ್ ಸಿಮ್ಯುಲೇಶನ್ನಿಗೆ ಬಹಳಷ್ಟು ಜನ ಬಳಸುವುದು, ಚಿನ್ನ ಬೆಳಕಿಗೆ ಹೇಗೆ ಸ್ಪಂದಿಸುತ್ತದೆ ಎಂದು ಅಳೆದು ಜಾನ್ಸನ್ ಮತ್ತು ಕ್ರಿಸ್ಟಿ 1972ರಲ್ಲಿ ಪ್ರಕಟಿಸಿದ ಅಂಕಿಗಳನ್ನು. ಒಳ್ಳೆಯ ಅಂಕಿಗಳೇ, ಆದರೆ ಅವು ಅವರು ಮಾಡಿದ ಚಿನ್ನದವು. ನಮ್ಮ ಆವಿಯಂತ್ರದಿಂದ ಇಳಿದ ಪದರದ ಹರಳುಗಳು ಸಣ್ಣವು, ಹರಳಿಗೂ ಹರಳಿಗೂ ನಡುವಿನ ಅಂಚಿನಲ್ಲಿ ಎಲೆಕ್ಟ್ರಾನ್ ಡಿಕ್ಕಿ ಹೊಡೆದು ಶಕ್ತಿ ಶಾಖವಾಗುತ್ತದೆ. ಸಾಲದ್ದಕ್ಕೆ, ಚಿನ್ನ ಗಾಜಿಗೆ ಹಿಡಿಯಲೆಂದು ಕೆಳಗೆ ಹಾಕುವ ಎರಡು ಮೂರು ನ್ಯಾನೋಮೀಟರ್ ಕ್ರೋಮಿಯಂ ಅನುರಣನವನ್ನು ಇನ್ನಷ್ಟು ಅಗಲ ಮಾಡುತ್ತದೆ. ಸಿಮ್ಯುಲೇಶನ್ನಿನ ಗ್ರಾಫಿನಲ್ಲಿ ಅನುರಣನದ ಕಡೆ ಚೂಪಾಗಿ ಕಂಡ ಕಣಿವೆ ಸ್ಪೆಕ್ಟ್ರೋಮೀಟರಿನಲ್ಲಿ ತಗ್ಗು ಬಿದ್ದ ಹೊಲದಂತೆ ಹರಡಿಕೊಂಡಿರುತ್ತದೆ. ಹೀಗಾಗಿ ನಮ್ಮ ಲ್ಯಾಬಿನಲ್ಲಿ ಒಂದು ಕಟ್ಟಳೆ ಇದೆ: ರಚನೆ ಮಾಡುವ ಮೊದಲು ಬರೀ ಪದರ ಹಾಕಿ, ಅದು ಬೆಳಕಿಗೆ ಹೇಗೆ ಸ್ಪಂದಿಸುತ್ತದೆ ಎಂದು ಎಲಿಪ್ಸೋಮೀಟರಿನಲ್ಲಿ ಅಳೆ, ಆ ಅಂಕಿಯನ್ನೇ ಸಿಮ್ಯುಲೇಶನ್ನಿಗೆ ಕೊಡು. ಆಗ ಲೆಕ್ಕಕ್ಕೂ ಅಳತೆಗೂ ನಡುವೆ ಉಳಿಯುವ ಅಂತರ ಆಕಾರದ್ದು, ಅದರಲ್ಲಿ ಹುಡುಕುವ ಭೌತವಿಜ್ಞಾನ ಇರುತ್ತದೆ.

ಇಷ್ಟೆಲ್ಲ ಮಾಡಿದರೂ ಫಿಶ್‌ನೆಟ್ ಪದರಗಳನ್ನು ಒಂದರ ಮೇಲೊಂದು ಪೇರಿಸಿದಾಗ ಆಚೆ ಬದಿಗೆ ಬರುವ ಬೆಳಕು ತೀರ ಕಡಿಮೆ. ಲೋಹವನ್ನು ಎಷ್ಟು ಪಳಗಿಸಿದರೂ ಕಾಣುವ ಬೆಳಕಿಗೆ ದಪ್ಪನೆಯ ಮೆಟಾಮೆಟೀರಿಯಲ್ ಕಟ್ಟಲಾಗದು ಎಂಬುದು ನನ್ನ ಖಚಿತ ಅಭಿಪ್ರಾಯ. 2012ರಲ್ಲಿ ಬಂದ ಪ್ರಯೋಗಗಳು ಬೇರೆ ಬಾಗಿಲು ತೆರೆದವು. 100ರಿಂದ 200 ನ್ಯಾನೋಮೀಟರ್ ವ್ಯಾಸದ ಸಿಲಿಕಾನ್ ಗೋಲಿಯೊಳಗೆ ಬೆಳಕು ಸುತ್ತು ಹಾಕಿ, ಉಂಗುರವೇ ಇಲ್ಲದೆ ಕಾಂತೀಯ ಅನುರಣನ ಕೊಡುತ್ತದೆ. ಗುಸ್ತಾವ್ ಮೀ 1908ರಲ್ಲಿ ಬರೆದ ಸಮೀಕರಣಗಳಲ್ಲೇ ಇದು ಅಡಗಿತ್ತು. ವಿದ್ಯುತ್, ಕಾಂತೀಯ ಅನುರಣನ ಎರಡನ್ನೂ ಸಮ ಮಾಡಿದರೆ ಕಣ ಹಿಂದಕ್ಕೆ ಬೆಳಕು ಚೆದುರಿಸುವುದಿಲ್ಲ. ಆಗ ತೆಳು ಪದರವೊಂದೇ ಲೆನ್ಸ್ ಆಗಬಲ್ಲದು. ನಮ್ಮ ಅರ್ಧ ಗುಂಪು ಸಿಲಿಕಾನಿಗೆ ಹೊರಳಿತು.

ಇನ್ನರ್ಧ ಚಿನ್ನದಲ್ಲೇ ಉಳಿದದ್ದಕ್ಕೆ ಕಾರಣ ಇದೆ. ನುಂಗುವುದೇ ಬೇಕಾದ ಕಡೆ ಚಿನ್ನಕ್ಕೆ ಸಾಟಿ ಇಲ್ಲ. ಮಾಟುಂಗಾದಲ್ಲಿ ಕನ್ನಡಿಗರ ಸಭೆಯೊಂದಕ್ಕೆ ಉಪನ್ಯಾಸಕ್ಕೆ ಕರೆದಾಗ ಇದನ್ನು ಮಾಡಿಯೇ ತೋರಿಸಿದೆ. ಕುದಿಯುವ ನೀರಿನಲ್ಲಿ ಚಿನ್ನದ ಕ್ಲೋರೈಡು, ಮೇಲೆ ಸೋಡಿಯಂ ಸಿಟ್ರೇಟು. ತಿಳಿ ಹಳದಿ ಹೋಯಿತು, ಕಪ್ಪು ಛಾಯೆ ಬಂತು, ಕೆಲವೇ ನಿಮಿಷದಲ್ಲಿ ಮಾಣಿಕ್ಯದ ಕೆಂಪು. ಮುಂದಿನ ಸಾಲಿನಲ್ಲಿದ್ದ ವಯಸ್ಸಾದ ಅಕ್ಕಸಾಲಿಗರೊಬ್ಬರು ಎದ್ದು ಬಂದು ಬೀಕರಿಗೆ ಕಣ್ಣು ಹಚ್ಚಿ ನೋಡಿದರು.

"ಏನಪ್ಪಾ, ನಮ್ಮ ಕಸುಬಿನಾಗ ಬಂಗಾರ ಕೆಂಪಾತಂದ್ರ ತಾಮ್ರ ಕೂಡೇತಿ ಅಂತ ಲೆಕ್ಕ. ನೀ ಏನು ಕೂಡಿಸಿ?"

"ಏನೂ ಕೂಡಿಸಿಲ್ಲ ಕಾಕಾ. ಚೊಕ್ಕ ಬಂಗಾರನ. ಕಣ ಭಾಳ ಸಣ್ಣದು, ಹಸಿರು ಬೆಳಕು ತಾ ನುಂಗತೈತಿ, ಕೆಂಪು ಬಿಟ್ಟುಕೊಡತೈತಿ."

ಒಂದು ಚಿಟಿಕೆ ಉಪ್ಪು ಹಾಕಿದೆ. ಕಣಗಳು ಒಂದಕ್ಕೊಂದು ಅಂಟಿ ಬಣ್ಣ ನೀಲಿಗೆ ತಿರುಗಿತು. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಪರೀಕ್ಷೆಯ ಕಿಟ್‌ಗಳಲ್ಲಿ ಎಷ್ಟೋ ಕೆಂಪು ಗೆರೆಗಳು ಇದೇ ಚಿನ್ನದ ಕಣಗಳದ್ದು ಎಂದಾಗ ಕಾಕಾ ಕೇಳಿದರು, "ಹಂಗಾದ್ರ ಆ ಕಿಟ್ ಒಗೀಬಾರದಿತ್ತಲ್ಲೋ?" ಅದರಲ್ಲಿರುವ ಚಿನ್ನ ತೂಕಕ್ಕೆ ಸಿಗದಷ್ಟು ಕಡಿಮೆ ಎಂದು ಲೆಕ್ಕ ಮಾಡಿ ತೋರಿಸಿದೆ. ಒಳ್ಳೆಯ ಪ್ರಶ್ನೆ ಅದು. ಇಷ್ಟು ಕಡಿಮೆ ಚಿನ್ನ ಇಷ್ಟು ಗಾಢ ಬಣ್ಣ ಹೇಗೆ ಕೊಡುತ್ತದೆ ಎಂಬ ವಿಷಯಕ್ಕೆ ಸಭೆಯನ್ನು ನೇರ ಕರೆದೊಯ್ದಿತು.

ಈಗ ನನ್ನ ಇಬ್ಬರು ವಿದ್ಯಾರ್ಥಿಗಳು ಆ ನುಂಗಿದ ಬೆಳಕಿನ ಶಾಖವನ್ನೇ ಅಳೆಯುತ್ತಿದ್ದಾರೆ. ಒಂಟಿ ಕಣದ ಸುತ್ತ ಬಿಸಿ ಎಷ್ಟು ದೂರ ಹರಡುತ್ತದೆ, ಪಕ್ಕದ ಕಣಕ್ಕೆ ಎಷ್ಟು ಹೊತ್ತಿಗೆ ತಲುಪುತ್ತದೆ ಎಂಬುದು ಅವರ ಪ್ರಶ್ನೆ. ಲೇಸರ್‌ನ ಶಕ್ತಿ ಸ್ವಲ್ಪ ಹೆಚ್ಚಾದರೂ ಕಡ್ಡಿಯಾಕಾರದ ಚಿನ್ನದ ಕಣ ಕರಗಿ ಉಂಡೆಯಾಗಿ ಅನುರಣನ ಜಾಗ ಬದಲಿಸುತ್ತದೆ, ಆದ್ದರಿಂದ ಪ್ರತಿ ಅಳತೆಯ ಮೊದಲು ಮತ್ತು ನಂತರ ಅದೇ ಕಣದ ಸ್ಪೆಕ್ಟ್ರಂ ತೆಗೆದು ಹೋಲಿಸುತ್ತಾರೆ. ಎರಡೂ ಹೊಂದಿದರೆ ಮಾತ್ರ ಆ ಅಂಕಿ ನೋಟ್‌ಬುಕ್ಕಿಗೆ ಹೋಗುತ್ತದೆ.